ಉಪ್ಪುನೀರಲ್ಲಿ ಮುಳುಗುವ ಗಡ್ಡೆ: ಹಿಟ್ಟಿನಂಶ ಹೆಚ್ಚಿರುವ ಆಲೂಗಡ್ಡೆ ಬೆಳೆಯುವವರಿಗೆ

ಮೊದಲ ಸಲ ಚಿಪ್ಸೋನಾ ಎಂಬ ಆಲೂಗಡ್ಡೆ ತಳಿ ಬೆಳೆದ ವರ್ಷ ಮನೆಯಲ್ಲಿ ಬೈಗುಳ ತಿಂದೆ. ಹೊಲದಿಂದ ತಂದ ನಾಲ್ಕು ಗಡ್ಡೆಯನ್ನು ಅವ್ವ ಬೀನ್ಸ್ ಜೊತೆ ಸಾರಿಗೆ ಹಾಕಿದ್ದಳು. ಬಡಿಸುವ ಹೊತ್ತಿಗೆ ಸೌಟಿಗೆ ಒಂದು ಹೋಳೂ ಸಿಗಲಿಲ್ಲ, ಸಾರು ಮಾತ್ರ ಗಂಜಿಯ ಹಾಗೆ ಮಂದವಾಗಿತ್ತು. "ಎಂಥಾ ಗಡ್ಡೆ ತಂದಿದ್ದೀಯೋ ಮಗ, ಎಲ್ಲಾ ಕರ್ಗೋಗ್ಬುಟ್ಟದೆ" ಅಂದಳು. ಅದೇ ಹೊಲದ ಒಂದು ಚೀಲವನ್ನು ಪೇಟೆಯ ಹೋಟೆಲ್ಲಿಗೆ ಕೊಟ್ಟಿದ್ದೆ. ಮೂರನೇ ದಿನ ಅಲ್ಲಿನ ಅಡುಗೆ ಭಟ್ಟರ ಫೋನು: "ಇನ್ನೆಷ್ಟು ಚೀಲ ಇದೆ ಗೌಡ್ರೆ? ದೋಸೆ ಪಲ್ಯಕ್ಕೆ ಇಂಥದ್ದೇ ಬೇಕು. ಕೈಯಲ್ಲಿ ಹಿಸುಕಿದ್ರೆ ಸಾಕು, ಪುಡಿಪುಡಿ ಆಗತ್ತೆ."

ಅವ್ವ ಹೇಳಿದ್ದೂ ಸರಿ, ಭಟ್ಟರು ಹೇಳಿದ್ದೂ ಸರಿ. ಹಸಿ ಆಲೂಗಡ್ಡೆಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ. ಆ ನೀರನ್ನೆಲ್ಲ ಒಣಗಿಸಿ ತೆಗೆದರೆ ಉಳಿಯುವುದಕ್ಕೆ ಒಣ ಅಂಶ ಎನ್ನುತ್ತಾರೆ. ಒಣ ಅಂಶದ ಬಹುಪಾಲು, ಅಂದರೆ ಶೇ 65ರಿಂದ 80ರವರೆಗೆ, ಪಿಷ್ಟ. ನಮ್ಮ ಮಾತಲ್ಲಿ ಹಿಟ್ಟಿನಂಶ. ಬೇಯಿಸುವಾಗ ಈ ಪಿಷ್ಟದ ಕಣಗಳು ನೀರು ಹೀರಿ ಉಬ್ಬುತ್ತವೆ, ಗಡ್ಡೆಯೊಳಗಿನ ಕೋಶಗಳು ಒಂದನ್ನೊಂದು ಬಿಟ್ಟು ಬಿಡಿಬಿಡಿಯಾಗುತ್ತವೆ. ಹಾಗಾಗಿ ಹಿಟ್ಟಿನಂಶ ಹೆಚ್ಚಿದ್ದರೆ ಗಡ್ಡೆ ಅರಳಿ ಒಡೆಯುತ್ತದೆ. ಕಡಿಮೆಯಿದ್ದರೆ ಹೋಳು ಹೋಳಾಗಿಯೇ ನಿಲ್ಲುತ್ತದೆ, ಸಾರು ಸಾಗುವಿಗೆ ಅದೇ ಒಳ್ಳೆಯದು. ಹಿಟ್ಟಿನ ಗಡ್ಡೆ ಪಲ್ಯಕ್ಕೆ, ಬೋಂಡಕ್ಕೆ, ಪರಾಠದ ಹೂರಣಕ್ಕೆ, ಚಿಪ್ಸಿಗೆ. ಎಲ್ಲಕ್ಕೂ ಒಂದೇ ತಳಿ ಸಾಕು ಎಂದು ಹೇಳುವ ಬೀಜ ವ್ಯಾಪಾರಿಯ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳಬೇಡಿ.

ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದು ಸಂಗತಿ. ಚೀಲದ ಮೇಲಿನ ತಳಿ ಹೆಸರು ಹಿಟ್ಟಿನಂಶಕ್ಕೆ ಅವಕಾಶ ಕೊಡುತ್ತದೆ, ಅಷ್ಟೇ. ಅದು ಗಡ್ಡೆಗೆ ಇಳಿಯುವುದು ಹೊಲದಲ್ಲಿ, ಅದರಲ್ಲೂ ಕೊನೆಯ ಮೂರು ವಾರದಲ್ಲಿ. ಕಳೆದುಹೋಗುವುದು ಗೋದಾಮಿನಲ್ಲಿ.

ತಳಿಯ ಪರಿಚಯ

ಕುಫ್ರಿ ಎಂದು ಶುರುವಾಗುವ ಹೆಸರುಗಳೆಲ್ಲ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯವು. 1949ರಲ್ಲಿ ಪಟ್ನಾದಲ್ಲಿ ಶುರುವಾದ ಸಂಸ್ಥೆ 1956ರಲ್ಲಿ ಶಿಮ್ಲಾಕ್ಕೆ ಹೋಯಿತು. ಶಿಮ್ಲಾ ಹತ್ತಿರದ ಬೆಟ್ಟದೂರು ಕುಫ್ರಿಯಲ್ಲಿ ತಳಿಗಳ ಸಂಕರಣ ನಡೆಯುವುದರಿಂದ ಆ ಹೆಸರು. ಹಾಸನದ ಕಡೆ ತಲೆಮಾರುಗಳಿಂದ ನಾವು ನೆಚ್ಚಿರುವ ಕುಫ್ರಿ ಜ್ಯೋತಿ 1968ರದ್ದು. ಹಳದಿ ತಿರುಳಿನ ಕುಫ್ರಿ ಪುಖರಾಜ್ ಮತ್ತು ಚಿಪ್ಸ್ ಉದ್ಯಮಕ್ಕೆಂದೇ ತಯಾರಿಸಿದ ಕುಫ್ರಿ ಚಿಪ್ಸೋನಾ-1, ಚಿಪ್ಸೋನಾ-2 ಬಂದದ್ದು 1998ರಲ್ಲಿ. ನಮಗೆ ಹೆಚ್ಚು ಹತ್ತಿರದ್ದು 2010ರ ಚಿಪ್ಸೋನಾ-4. ಕರ್ನಾಟಕ, ಪಶ್ಚಿಮ ಬಂಗಾಳ, ಮಧ್ಯಪ್ರದೇಶಗಳಿಗೆಂದು ಶಿಫಾರಸಾದ ತಳಿ ಅದು.

ಚಿಪ್ಸೋನಾ-4ರ ಗಡ್ಡೆ ಗುಂಡಗಿರುತ್ತದೆ. ಸಿಪ್ಪೆ ಬಿಳಿ-ಕೆನೆ ಬಣ್ಣ, ತಿರುಳು ಬಿಳಿ, ಕಣ್ಣುಗಳು ಆಳವಿಲ್ಲ. ಕಣ್ಣು ಆಳವಿಲ್ಲದಿದ್ದರೆ ಸಿಪ್ಪೆ ತೆಗೆಯುವಾಗ ತಿರುಳು ಪೋಲಾಗುವುದಿಲ್ಲ. ದೊಡ್ಡ ಅಡುಗೆ ಮನೆಗಳಲ್ಲಿ ಇದೇ ದೊಡ್ಡ ಲೆಕ್ಕ. ಚಿಪ್ಸೋನಾ-1 ಇದಕ್ಕಿಂತ ಸ್ವಲ್ಪ ಮೊಟ್ಟೆಯಾಕಾರ. ಎರಡೂ ಮಧ್ಯಮಾವಧಿಯವು, 100ರಿಂದ 110 ದಿನ ಬೇಕು. 75-80 ದಿನಕ್ಕೇ ಅಗೆದು ಮಂಡಿಗೆ ಹಾಕುವ ಅವಸರದವರಿಗೆ ಇವು ಹೇಳಿದ್ದಲ್ಲ, ಅವರಿಗೆ ಪುಖರಾಜೇ ಸರಿ. ಒಳ್ಳೆಯ ಆರೈಕೆಯಲ್ಲಿ ಚಿಪ್ಸೋನಾ ಗಡ್ಡೆಯ ಒಣ ಅಂಶ ಶೇ 20 ದಾಟುತ್ತದೆ. ಪುಖರಾಜ್ ತೂಕ ಕೊಡುವುದರಲ್ಲಿ ನಿಸ್ಸೀಮ, ಆದರೆ ಅದು ನೀರು ಗಡ್ಡೆ. ಜ್ಯೋತಿ ಇವೆರಡರ ನಡುವೆ ನಿಲ್ಲುತ್ತದೆ, ಒಂದು ವರ್ಷ ಆ ಕಡೆ, ಇನ್ನೊಂದು ವರ್ಷ ಈ ಕಡೆ.

ಚಿಪ್ಸೋನಾ-4ರ ವಂಶದಲ್ಲಿ ಒಂದು ಸ್ವಾರಸ್ಯವಿದೆ. ಅದರ ತಾಯಿ ಅಟ್ಲಾಂಟಿಕ್ ಎಂಬ ಅಮೆರಿಕದ ತಳಿ. ಅಟ್ಲಾಂಟಿಕ್‌ನ ಹಿಂದಿನ ತಲೆಯಲ್ಲಿ ಲೆನಾಪೆ ಎಂಬ ಇನ್ನೊಂದು ತಳಿಯಿತ್ತು. 1960ರ ದಶಕದಲ್ಲಿ ಬಂದ ಲೆನಾಪೆ ಹಿಟ್ಟಿನಂಶದಲ್ಲಿ ಎಲ್ಲವನ್ನೂ ಮೀರಿಸಿತ್ತು, ಚಿಪ್ಸಂತೂ ಬಂಗಾರದ ಬಣ್ಣ. ಆದರೆ ಗಡ್ಡೆಯಲ್ಲಿ ಸೊಲನಿನ್ ಜಾತಿಯ ವಿಷ ಮಿತಿ ಮೀರಿತ್ತು. ತಿಂದವರಿಗೆ ಹೊಟ್ಟೆ ತೊಳಸಿದ ಮೇಲೆ ಅದು ಗೊತ್ತಾಗಿ ತಳಿಯನ್ನೇ ಮಾರುಕಟ್ಟೆಯಿಂದ ವಾಪಸು ತೆಗೆದುಕೊಂಡರು. ಮೊಮ್ಮಗಳಿಗೆ ಅಜ್ಜಿಯ ಹಿಟ್ಟು ಬಂತು, ವಿಷ ಬರಲಿಲ್ಲ. ಆದರೂ ಬಿಸಿಲು ಬಿದ್ದು ಹಸಿರಾದರೆ ಯಾವ ತಳಿಯ ಗಡ್ಡೆಯಲ್ಲಾದರೂ ಈ ವಿಷ ಏರುತ್ತದೆ. ಅದನ್ನು ಮಂಡಿಗೂ ಹಾಕಬೇಡಿ, ದನಕ್ಕೂ ಹಾಕಬೇಡಿ.

ಬಿತ್ತುವ ಮುಂಚೆ ಕೊಳ್ಳುವವರನ್ನು ಹುಡುಕಿ

ಮಂಡಿಯಲ್ಲಿ ಬೆಲೆ ಸಿಗುವುದು ತೂಕಕ್ಕೆ, ಹಿಟ್ಟಿಗಲ್ಲ. ದಲ್ಲಾಳಿ ಗಡ್ಡೆಯ ಗಾತ್ರ ನೋಡುತ್ತಾನೆ, ಬಣ್ಣ ನೋಡುತ್ತಾನೆ, ಉಗುರಿನಿಂದ ಒಂದು ಸಲ ಕೆರೆದು ನೋಡುತ್ತಾನೆ. ಒಳಗೆ ಎಷ್ಟು ನೀರಿದೆ ಎಂದು ಯಾರೂ ಕೇಳುವುದಿಲ್ಲ. ಹಾಗಾಗಿ ಹಿಟ್ಟಿನ ಗಡ್ಡೆ ಬೆಳೆದು ಸುಮ್ಮನೆ ಮಂಡಿಗೆ ಸುರಿದರೆ ನಿಮ್ಮ ಶ್ರಮಕ್ಕೆ ಹೆಚ್ಚುವರಿ ಬೆಲೆ ಇಲ್ಲ.

ಹಿಟ್ಟಿಗೆ ಬೆಲೆ ಕಟ್ಟುವವರು ಬೇರೆ ಇದ್ದಾರೆ: ಚಿಪ್ಸ್ ಕರಿಯುವವರು, ಹೋಟೆಲ್ಲು, ಕೇಟರಿಂಗ್‌ನವರು. ಅವರ ಲೆಕ್ಕ ಹೀಗೆ. ಕರಿದ ಚಿಪ್ಸಿನಲ್ಲಿ ಸುಮಾರು ಮೂರನೇ ಒಂದು ಪಾಲು ಎಣ್ಣೆ, ನೀರು ಶೇ 2ರಷ್ಟು ಮಾತ್ರ, ಉಳಿದದ್ದು ಗಡ್ಡೆಯ ಒಣ ಅಂಶ. ಸಿಪ್ಪೆ ತೆಗೆದ 100 ಕಿಲೋ ಗಡ್ಡೆಯಲ್ಲಿ ಒಣ ಅಂಶ ಶೇ 16 ಇದ್ದರೆ ಸುಮಾರು 25 ಕಿಲೋ ಚಿಪ್ಸ್ ಬರುತ್ತದೆ. ಶೇ 21 ಇದ್ದರೆ 32-33 ಕಿಲೋ. ಅದೇ ಒಲೆ, ಅದೇ ಆಳು. ಮೇಲಾಗಿ ನೀರು ಕಡಿಮೆ ಇರುವ ಗಡ್ಡೆ ಎಣ್ಣೆಯನ್ನೂ ಕಡಿಮೆ ಕುಡಿಯುತ್ತದೆ. ಈ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡು ಹೋಗಿ. ನಿಮ್ಮೂರ ಬೇಕರಿಯವನಿಗೆ ಇದನ್ನು ಹೇಳಿದರೆ ಅವನೇ ಕುರ್ಚಿ ಎಳೆದು ಕೂರಿಸುತ್ತಾನೆ.

ಕಂಪನಿಗಳ ಜೊತೆ ಕರಾರು ಬೇಸಾಯಕ್ಕೆ ಇಳಿಯುವವರು ತಳಿಯ ಹಕ್ಕು ಯಾರದ್ದು ಎಂದು ಕೇಳಿಕೊಳ್ಳಿ. ಎಫ್‌ಎಲ್ 2027 ಎಂಬ ತಳಿಯ ವಿಚಾರವಾಗಿ 2019ರ ಏಪ್ರಿಲ್‌ನಲ್ಲಿ ಪೆಪ್ಸಿಕೋ ಗುಜರಾತಿನ ರೈತರ ಮೇಲೆ ದಾವೆ ಹೂಡಿ, ಮುಂದಿನ ತಿಂಗಳು ಹಿಂತೆಗೆದುಕೊಂಡಿದ್ದು ನೆನಪಿರಬಹುದು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತನಿಗೆ ಬೀಜ ಉಳಿಸಿಕೊಳ್ಳುವ, ಮತ್ತೆ ಬಿತ್ತುವ, ಹಂಚಿಕೊಳ್ಳುವ, ಮಾರುವ ಹಕ್ಕು ಕೊಡುತ್ತದೆ. ಬ್ರಾಂಡ್ ಹೆಸರು ಹಚ್ಚಿ ಮಾರುವಂತಿಲ್ಲ, ಅಷ್ಟೇ. ಕುಫ್ರಿ ತಳಿಗಳು ಸರ್ಕಾರಿ ಸಂಸ್ಥೆಯವು, ಅವುಗಳಲ್ಲಿ ಈ ತಲೆನೋವು ಕಡಿಮೆ.

ಬಿತ್ತನೆ ಗಡ್ಡೆ

ಮೇ ತಿಂಗಳಲ್ಲಿ ಹಾಸನದ ಎಪಿಎಂಸಿಗೆ ಜಲಂಧರ್‌ನಿಂದ ಲಾರಿಗಟ್ಟಲೆ ಬಿತ್ತನೆ ಗಡ್ಡೆ ಬರುತ್ತದೆ. ಹೆಚ್ಚಿನದು ಜ್ಯೋತಿ. ಚಿಪ್ಸೋನಾ ಎಂದು ಹೇಳಿ ಕೊಟ್ಟರೆ ಚೀಲ ಬಿಚ್ಚಿಸಿ ನೋಡಿ. ಗುಂಡಗಿನ ಗಡ್ಡೆಗಳ ನಡುವೆ ಉದ್ದನೆಯವು, ಹಳದಿ ಸಿಪ್ಪೆಯವು ಬೆರೆತಿದ್ದರೆ ಹಣ ಜೇಬಲ್ಲೇ ಇರಲಿ. ಬೆರಕೆ ಬೀಜದಲ್ಲಿ ಒಂದು ಸಾಲು ಹಣ್ಣಾಗುವಾಗ ಇನ್ನೊಂದು ಹಸಿರಾಗಿರುತ್ತದೆ. ಯಾವಾಗ ಅಗೆಯುವುದು? ಹಾಸನ ಹತ್ತಿರದ ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿದರೆ ಯಾವ ತಳಿ ನಮ್ಮ ಕಡೆ ಹೇಗೆ ಬರುತ್ತಿದೆ ಎಂಬ ಮಾತು ಸಿಗುತ್ತದೆ.

ಶೀತಲಗೃಹದಿಂದ ಬಂದ ಗಡ್ಡೆಯನ್ನು ತಂದ ದಿನವೇ ಬಿತ್ತಬೇಡಿ. 10-15 ದಿನ ನೆರಳಲ್ಲಿ, ಮಂದ ಬೆಳಕು ಬೀಳುವ ಕಡೆ ತೆಳ್ಳಗೆ ಹರಡಿ. ಕಣ್ಣುಗಳಿಂದ ಗಿಡ್ಡನೆಯ, ಗಟ್ಟಿ, ಬಣ್ಣ ತಿರುಗಿದ ಮೊಳಕೆ ಬರಬೇಕು. ಕತ್ತಲೆಯಲ್ಲಿ ಬಂದ ಬಿಳಿ ಉದ್ದ ಮೊಳಕೆ ಸಾಗಿಸುವಾಗಲೇ ಮುರಿಯುತ್ತದೆ. 40-50 ಗ್ರಾಮಿನ ಇಡೀ ಗಡ್ಡೆ ಸಿಕ್ಕರೆ ಅದೇ ಉತ್ತಮ. ಕತ್ತರಿಸಲೇಬೇಕಾದರೆ ಹೋಳಿಗೆ ಎರಡು ಕಣ್ಣಾದರೂ ಇರಲಿ, 35-40 ಗ್ರಾಂ ತೂಗಲಿ. ಚಾಕುವನ್ನು ಆಗಾಗ ಸೋಂಕುನಿವಾರಕದಲ್ಲಿ ಅದ್ದಿ. ದುಂಡಾಣು ಸೊರಗು ರೋಗದ ಒಂದು ಗಡ್ಡೆ ಕುಯ್ದ ಚಾಕು ಇಡೀ ಚೀಲವನ್ನು ಕೆಡಿಸಬಲ್ಲದು. ಹೋಳುಗಳನ್ನು ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕದ ದ್ರಾವಣದಲ್ಲಿ ಅದ್ದಿ, ಕುಯ್ದ ಗಾಯ ಒಣಗಿ ಸಿಪ್ಪೆ ಕಟ್ಟುವ ತನಕ ಒಂದೆರಡು ದಿನ ನೆರಳಲ್ಲಿಡಿ.

ಸಾಲಿಂದ ಸಾಲಿಗೆ 60 ಸೆಂ.ಮೀ., ಗಡ್ಡೆಯಿಂದ ಗಡ್ಡೆಗೆ 20 ಸೆಂ.ಮೀ. ಇಟ್ಟರೆ ಎಕರೆಗೆ 33 ಸಾವಿರ ಚಿಲ್ಲರೆ ಹೋಳು, ಅಂದರೆ 12-13 ಕ್ವಿಂಟಾಲ್ ಬಿತ್ತನೆ. ಬೀಜ ದುಬಾರಿ ಎಂದು ದೂರ ದೂರ ನೆಟ್ಟರೆ ಗಡ್ಡೆ ದಪ್ಪವಾಗುತ್ತದೆ ನಿಜ, ಆದರೆ ಅತಿ ದಪ್ಪ ಗಡ್ಡೆಯ ನಡುವೆ ಟೊಳ್ಳು ಬೀಳುತ್ತದೆ. ಹೊರಗಿಂದ ಕಾಣುವುದಿಲ್ಲ, ಕುಯ್ದಾಗಲೇ ಬಣ್ಣ ಬಯಲು. ಹಿಂದಿನ ಬೆಳೆ ಟೊಮೆಟೊ, ಬದನೆ, ಮೆಣಸಿನಕಾಯಿ ಆಗಿದ್ದ ಹೊಲ ಬೇಡ. ರಾಗಿ ಅಥವಾ ಜೋಳದ ಹೊಲವಾದರೆ ನಿಶ್ಚಿಂತೆ.

ಗೊಬ್ಬರದ ವಿಚಾರ

ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೇಕೇ ಬೇಕು. ಅರೆಬರೆ ಕೊಳೆತದ್ದು ಹಾಕಿದರೆ ಗಡ್ಡೆಗೆ ಕಜ್ಜಿ. ರಾಸಾಯನಿಕ ಗೊಬ್ಬರದ ಪ್ರಮಾಣ ಮಣ್ಣು ಪರೀಕ್ಷೆಯ ಮೇಲೆ ಇರಲಿ. ಹಿಟ್ಟಿನಂಶಕ್ಕೆ ಸಂಬಂಧಿಸಿದ್ದು ಎರಡೇ ಮಾತು.

ಯೂರಿಯಾವನ್ನು ಬಿತ್ತುವಾಗ ಒಂದು ಪಾಲು, 25-30 ದಿನಕ್ಕೆ ಮಣ್ಣು ಏರಿಸುವಾಗ ಇನ್ನೊಂದು ಪಾಲು ಕೊಟ್ಟು ಕೈ ತೊಳೆದುಕೊಳ್ಳಿ. ಆಮೇಲೆ ಕೊಟ್ಟ ಸಾರಜನಕ ಗಿಡವನ್ನು ಹಸಿರಾಗಿಯೇ ಇಡುತ್ತದೆ. ಗಿಡ ಸೊಪ್ಪು ಬೆಳೆಸುತ್ತಾ ಕೂರುತ್ತದೆ, ಹಣ್ಣಾಗುವುದು ತಡವಾಗುತ್ತದೆ, ಗಡ್ಡೆಗೆ ಹಿಟ್ಟು ಇಳಿಯುವುದಿಲ್ಲ. ಎರಡನೆಯದು ಪೊಟ್ಯಾಷ್. ಗಡ್ಡೆ ಬೆಳೆಗೆ ಪೊಟ್ಯಾಷ್ ಬೇಕು ಎಂದು ಎಲ್ಲರಿಗೂ ಗೊತ್ತು, ಅದಕ್ಕೇ ಸಿಕ್ಕಾಪಟ್ಟೆ ಸುರಿಯುತ್ತೇವೆ. ಅತಿಯಾದರೆ ಅದು ಗಡ್ಡೆಗೆ ನೀರು ಎಳೆಯುತ್ತದೆ, ಹಿಟ್ಟಿನಂಶ ಇಳಿಯುತ್ತದೆ. ಕೆಂಪು ಪೊಟ್ಯಾಷ್ ಎಂದು ಕರೆಯುವ ಎಂಒಪಿಯಲ್ಲಿರುವ ಕ್ಲೋರೈಡ್ ಈ ಕೆಲಸವನ್ನು ಇನ್ನೂ ಹೆಚ್ಚು ಮಾಡುತ್ತದೆ. ಬೆಲೆ ಜಾಸ್ತಿಯಾದರೂ ಹಿಟ್ಟಿನ ಗಡ್ಡೆಗೆ ಪೊಟ್ಯಾಷಿಯಂ ಸಲ್ಫೇಟ್ ಮೇಲು.

ಎಲೆಯೇ ಕಾರ್ಖಾನೆ

ಹಿಟ್ಟು ಮಣ್ಣಿಂದ ಬರುವುದಿಲ್ಲ. ಎಲೆ ಬಿಸಿಲಲ್ಲಿ ಸಕ್ಕರೆ ಮಾಡಿ ಕೆಳಗೆ ಇಳಿಸುತ್ತದೆ, ಗಡ್ಡೆಯಲ್ಲಿ ಅದು ಪಿಷ್ಟವಾಗಿ ಕೂರುತ್ತದೆ. ಹಾಸನ, ಚಿಕ್ಕಮಗಳೂರು, ಬೆಳಗಾವಿ, ಧಾರವಾಡದ ಕಡೆಯ ಮುಂಗಾರು ಬೆಳೆಗೆ ಇದೇ ತೊಡಕು. ಜುಲೈ, ಆಗಸ್ಟ್ ಪೂರ್ತಿ ಮೋಡ. ಚಿಕ್ಕಬಳ್ಳಾಪುರ, ಕೋಲಾರದವರು ನವೆಂಬರ್ ಹೊತ್ತಿಗೆ ನೀರಾವರಿಯಲ್ಲಿ ಹಾಕುವ ಉರುಳಗಡ್ಡೆಗೆ ಹಗಲು ಬಿಸಿಲು, ರಾತ್ರಿ ಚಳಿ. ಹಿಟ್ಟು ಕೂರಲು ಹೇಳಿ ಮಾಡಿಸಿದ ಹವೆ. ರಾತ್ರಿಯ ಉಷ್ಣಾಂಶ 20 ಡಿಗ್ರಿ ಮೀರಿದರೆ ಗಿಡ ಹಗಲು ಮಾಡಿದ ಸಕ್ಕರೆಯನ್ನು ರಾತ್ರಿ ತಾನೇ ಉಸಿರಾಟಕ್ಕೆ ಖರ್ಚು ಮಾಡಿಕೊಳ್ಳುತ್ತದೆ. ದುಡಿದದ್ದೆಲ್ಲ ಹೊಟ್ಟೆಗೇ ಆದರೆ ಉಳಿತಾಯ ಎಲ್ಲಿಂದ ಬರಬೇಕು?

ಮುಂಗಾರಿನಲ್ಲಿ ಎಲೆ ಉಳಿಸಿಕೊಳ್ಳುವುದೆಂದರೆ ಎಲೆ ಸುಡುವ ಅಂಗಮಾರಿ ರೋಗವನ್ನು ತಡೆಯುವುದು. ತಂಪು, ಮೋಡ, ಜಡಿಮಳೆ, ಬೆಳಗಿನ ಮಂಜು ನಾಲ್ಕೂ ಕೂಡಿದರೆ ರೋಗ ಬಂದೇ ಬರುತ್ತದೆ. ಬೆಳಿಗ್ಗೆ ಏಳು ಗಂಟೆಯೊಳಗೆ ಹೊಲಕ್ಕೆ ಹೋಗಿ, ಬುಡದ ಎಲೆಗಳನ್ನು ತಿರುಗಿಸಿ ನೋಡಿ. ಕಂದು ಮಚ್ಚೆಯ ಸುತ್ತ, ಎಲೆಯ ಅಡಿಯಲ್ಲಿ, ಬಿಳಿ ಬೂಷ್ಟು ಕಂಡರೆ ಅಂಗಮಾರಿಯೇ. ಬಿಸಿಲೇರಿದ ಮೇಲೆ ಈ ಬೂಷ್ಟು ಸರಿಯಾಗಿ ಕಾಣುವುದಿಲ್ಲ. ಮಚ್ಚೆ ಕಾಣುವ ಮೊದಲೇ ಲೀಟರಿಗೆ 2ರಿಂದ 2.5 ಗ್ರಾಂ ಮ್ಯಾಂಕೋಜೆಬ್ ಸಿಂಪಡಿಸಬೇಕು. ಮಚ್ಚೆ ಕಂಡ ಮೇಲೆ ಸೈಮಾಕ್ಸಾನಿಲ್ ಮತ್ತು ಮ್ಯಾಂಕೋಜೆಬ್ ಬೆರೆತ ಔಷಧಿ ಲೀಟರಿಗೆ 3 ಗ್ರಾಂ. ಎಲೆಯ ಅಡಿ ತೊಯ್ಯುವಂತೆ ಹೊಡೆಯಿರಿ, ಎಲೆಯ ಮೇಲ್ಭಾಗಕ್ಕೆ ಮಾತ್ರ ಸಿಂಪಡಿಸಿದರೆ ಔಷಧಿ ದಂಡ.

ಚಿಪ್ಸೋನಾ ಅಂಗಮಾರಿ ತಡೆಯುವ ತಳಿ ಎಂಬ ಮಾತು ಸುಳ್ಳಲ್ಲ. ಆದರೆ ಜ್ಯೋತಿಯೂ ಬಂದ ಕಾಲದಲ್ಲಿ ಅಂಗಮಾರಿ ತಡೆಯುತ್ತಿತ್ತು. ರೋಗಾಣು ವೇಷ ಬದಲಿಸಿತು, ಜ್ಯೋತಿ ಸೋತಿತು. ಈಗ ನಮ್ಮ ಹೊಲಗಳಲ್ಲಿ ಮೊದಲು ಸುಡುವುದೇ ಅದು. ತಳಿ ನಂಬಿ ಪಂಪು ಅಟ್ಟಕ್ಕೇರಿಸಬೇಡಿ. 70ನೇ ದಿನಕ್ಕೆ ಎಲೆ ಸುಟ್ಟುಹೋದ ಚಿಪ್ಸೋನಾ ಗಡ್ಡೆ ಪುಖರಾಜಿಗಿಂತ ಕಡೆ.

ಕೊನೆಯ ಮೂರು ವಾರ

ಇಲ್ಲಿ ನನ್ನದೇ ಒಂದು ದಡ್ಡತನ ಹೇಳಬೇಕು. ಒಂದು ವರ್ಷ ಆಗಸ್ಟ್ ಕೊನೆಗೆ ಮಳೆ ಕೈಕೊಟ್ಟು ಎರಡು ವಾರ ಹೊಲ ಬಿರಿದಿತ್ತು. ಗಿಡ ಹಣ್ಣಾಗಲು ಶುರುವಾಗಿತ್ತು. ಪಕ್ಕದ ಹೊಲದ ಅಣ್ಣ ಬದುವಿನ ಮೇಲೆ ನಿಂತು, "ಇನ್ನೊಂದೆರಡು ನೀರು ಕೊಡೋ ತಮ್ಮ, ಗಡ್ಡೆ ಇನ್ನಷ್ಟು ಊದ್ತದೆ" ಅಂದ. ಬೋರ್‌ವೆಲ್ ತಿರುಗಿಸಿದೆ, ಮೇಲೊಂದು ಮುಷ್ಟಿ ಯೂರಿಯಾನೂ ಎರಚಿದೆ. ಗಿಡ ಮತ್ತೆ ಹಸಿರಾಯಿತು, ಗಡ್ಡೆ ಊದಿತು. ಅಗೆದಾಗ ತೂಕ ನೋಡಿ ಇಬ್ಬರೂ ಬೀಗಿದೆವು.

ಚಿಪ್ಸಿಗೆ ಕೊಳ್ಳಲು ಬಂದವರು ಹತ್ತು ಗಡ್ಡೆ ತೂಗಿ, ಎರಡು ಕುಯ್ದು ನೋಡಿ, ಲಾರಿ ಖಾಲಿ ವಾಪಸು ಕಳಿಸಿದರು. ಕುಯ್ದ ಗಡ್ಡೆಯಲ್ಲಿ ಒಂದು ತುದಿ ಬೆಳ್ಳಗಿದ್ದರೆ, ಇನ್ನೊಂದು ತುದಿ ಐಸಿನ ಹಾಗೆ ಪಾರದರ್ಶಕವಾಗಿತ್ತು. ಬರಗಾಲ ಬಿದ್ದಾಗ ಬೆಳವಣಿಗೆ ನಿಲ್ಲಿಸಿದ್ದ ಗಡ್ಡೆ, ನೀರು ಸಿಕ್ಕಿದೊಡನೆ ಮತ್ತೆ ಬೆಳೆಯಲು ಹೊರಡುತ್ತದೆ. ಆ ಹೊಸ ಬೆಳವಣಿಗೆಗೆ ಬೇಕಾದ ಸಕ್ಕರೆಯನ್ನು ಹಳೆಯ ಭಾಗದ ಹಿಟ್ಟನ್ನೇ ಕರಗಿಸಿ ಒದಗಿಸಿಕೊಳ್ಳುತ್ತದೆ. ಗಡ್ಡೆಯ ಮೇಲೆ ಮರಿಗಡ್ಡೆ ಮೂಡಿದಂತೆ ಗಂಟುಗಂಟಾಗಿ ಕಾಣುವುದೂ ಇದರಿಂದಲೇ. ಆ ವರ್ಷದ ಗಡ್ಡೆ ಕೊನೆಗೆ ಮಂಡಿಗೇ ಹೋಯಿತು, ಸಿಕ್ಕಿದ ಬೆಲೆಗೆ.

ಆ ಮೇಲಿಂದ ನಾನು ಪಾಲಿಸುವುದು ಇಷ್ಟು. ಗಡ್ಡೆ ಕಟ್ಟುವ ಕಾಲದಿಂದ ನೆಲದ ತೇವ ಏರುಪೇರಾಗದಂತೆ ನೋಡಿಕೊಳ್ಳುತ್ತೇನೆ, ಒಮ್ಮೆ ಬಿರಿಯುವ ಹಾಗೆ ಒಣಗಿಸಿ ಒಮ್ಮೆ ಕೆರೆ ಮಾಡುವುದಿಲ್ಲ. ಎಲೆ ಹಣ್ಣಾಗಲು ಶುರುವಾದರೆ ಗೊಬ್ಬರದ ಚೀಲದ ಬಾಯಿ ಬಿಚ್ಚುವುದಿಲ್ಲ. ಅಗೆಯುವ 10-15 ದಿನ ಮುಂಚೆ ನೀರು ನಿಲ್ಲಿಸುತ್ತೇನೆ. ಗಿಡ ಕತ್ತರಿಸುವುದನ್ನು ಮಾತ್ರ ಕ್ಯಾಲೆಂಡರ್ ನೋಡಿ ನಿರ್ಧರಿಸುವುದಿಲ್ಲ. ಗಿಡ ಕತ್ತರಿಸಿದ ದಿನ ಕಾರ್ಖಾನೆಗೆ ಬೀಗ ಬಿದ್ದ ಹಾಗೆ, ಅಲ್ಲಿಂದಾಚೆ ಒಂದು ಗ್ರಾಂ ಹಿಟ್ಟೂ ಇಳಿಯುವುದಿಲ್ಲ. ಹಾಗಾಗಿ ಬೀಗ ಹಾಕುವ ಮುಂಚೆ ಬಕೆಟ್ ಪರೀಕ್ಷೆ.

ಉಪ್ಪುನೀರಿನ ಬಕೆಟ್

ಭತ್ತದ ಬಿತ್ತನೆ ಬೀಜ ಆರಿಸುವಾಗ ನೀರಿಗೆ ಮೊಟ್ಟೆಯನ್ನೋ ಆಲೂಗಡ್ಡೆಯನ್ನೋ ಬಿಟ್ಟು, ಅದು ತೇಲುವ ತನಕ ಉಪ್ಪು ಹಾಕುವುದನ್ನು ನೋಡಿರುತ್ತೀರಿ. ಇದು ಅದೇ ಉಪಾಯ, ತಿರುಗಾ ಮುರುಗಾ. ಅಲ್ಲಿ ಗಡ್ಡೆಯಿಂದ ನೀರನ್ನು ಅಳೆಯುತ್ತೇವೆ, ಇಲ್ಲಿ ನೀರಿನಿಂದ ಗಡ್ಡೆಯನ್ನು ಅಳೆಯುತ್ತೇವೆ. ಹಿಟ್ಟು ನೀರಿಗಿಂತ ಭಾರ. ಆದ್ದರಿಂದ ಹಿಟ್ಟು ಹೆಚ್ಚಿದಷ್ಟೂ ಗಡ್ಡೆಯ ಸಾಪೇಕ್ಷ ಸಾಂದ್ರತೆ, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ಅದು ಎಷ್ಟು ಪಟ್ಟು ಭಾರ ಎಂಬ ಅಂಕಿ, ಏರುತ್ತದೆ.

8 ಲೀಟರ್ ನೀರಿಗೆ 1 ಕಿಲೋ ಪುಡಿ ಉಪ್ಪು ಹಾಕಿ ಪೂರ್ತಿ ಕರಗಿಸಿ. ಕಲ್ಲುಪ್ಪು ಬೇಡ, ಅದರಲ್ಲಿ ತೇವ ಇರುವುದರಿಂದ ಲೆಕ್ಕ ತಪ್ಪುತ್ತದೆ. ಈ ನೀರಿನ ಸಾಂದ್ರತೆ ಹೆಚ್ಚುಕಡಿಮೆ 1.080. ಹೊಲದ ಬೇರೆ ಬೇರೆ ಕಡೆಯಿಂದ ಹತ್ತು ಬುಡ ಅಗೆದು, ಪ್ರತಿ ಬುಡದಿಂದ ಒಂದೊಂದು ಮಧ್ಯಮ ಗಾತ್ರದ ಗಡ್ಡೆ ಆರಿಸಿ. ಮಣ್ಣು ತೊಳೆದು, ಬಟ್ಟೆಯಲ್ಲಿ ಒರೆಸಿ, ಒಂದೊಂದಾಗಿ ಬಿಡಿ. ಮುಳುಗಿದ ಗಡ್ಡೆಯ ಒಣ ಅಂಶ ಶೇ 20 ದಾಟಿದೆ, ಪಿಷ್ಟ ಶೇ 14ರ ಆಸುಪಾಸಿಗೋ ಮೇಲಕ್ಕೋ ಬಂದಿದೆ ಎಂದು ಅರ್ಥ. ತೇಲಿದ್ದು ಇನ್ನೂ ನೀರು ಗಡ್ಡೆ. ಗಡ್ಡೆ ಬುಡ ಮುಟ್ಟದೆ, ಮೇಲೆಯೂ ಬಾರದೆ ನಡುವೆ ನಿಂತರೆ ಗಡಿಯ ಮೇಲಿದೆ.

ಇದೇ ಉಪ್ಪನ್ನು 11 ಲೀಟರಿಗೆ ಹಾಕಿದರೆ ಸಾಂದ್ರತೆ 1.060, ಅದರಲ್ಲಿ ತೇಲುವ ಗಡ್ಡೆಯ ಒಣ ಅಂಶ ಶೇ 16ಕ್ಕಿಂತ ಕಡಿಮೆ. 7 ಲೀಟರಿಗೆ ಹಾಕಿದರೆ 1.090, ಅದರಲ್ಲಿ ಮುಳುಗುವ ಗಡ್ಡೆಯದು ಶೇ 22ಕ್ಕಿಂತ ಹೆಚ್ಚು. ಮೂರು ಬಕೆಟ್ ಸಾಲಾಗಿಟ್ಟರೆ ಅಂಗಳವೇ ಪ್ರಯೋಗಾಲಯ. 90ನೇ ದಿನದಿಂದ ವಾರಕ್ಕೊಮ್ಮೆ ಮಾಡಿ. ನನ್ನ ಹೊಲದಲ್ಲಿ ಮೊದಲ ವಾರ ಹತ್ತರಲ್ಲಿ ಎರಡೋ ಮೂರೋ ಮುಳುಗುತ್ತವೆ, ಮುಂದಿನ ವಾರ ಐದಾರು. ಎಂಟು ಮುಳುಗಿದ ದಿನ ಕುಡುಗೋಲು ಮಸೆಯುತ್ತೇನೆ.

ಇನ್ನೂ ಖಚಿತ ಅಂಕಿ ಬೇಕೆನ್ನುವವರು ಕೊಕ್ಕೆಯ ಡಿಜಿಟಲ್ ತಕ್ಕಡಿಗೆ ಬಲೆ ಚೀಲ ಕಟ್ಟಿ ತೂಗಬಹುದು. ಗಾಳಿಯಲ್ಲಿ 3,000 ಗ್ರಾಂ ಬಂದ ಗಡ್ಡೆಗಳು ಸಾದಾ ನೀರಲ್ಲಿ ಮುಳುಗಿ ನೇತಾಡುವಾಗ 225 ಗ್ರಾಂ ತೋರಿಸಿದವು ಎನ್ನಿ. 3,000ದಿಂದ 225 ಕಳೆದರೆ 2,775. 3,000ವನ್ನು 2,775ರಿಂದ ಭಾಗಿಸಿದರೆ 1.081. ನೀರಲ್ಲಿ 200 ಗ್ರಾಂ ಮಾತ್ರ ತೂಗಿದ್ದರೆ 1.071, ಅಂದರೆ ಒಣ ಅಂಶ ಶೇ 18ರ ಸುಮಾರು, ಇನ್ನೊಂದು ವಾರ ಕಾಯಬೇಕು. ನೀರಿನಲ್ಲಿ ಗಡ್ಡೆ ಬಕೆಟ್ಟಿನ ಬದಿಗೆ, ತಳಕ್ಕೆ ತಾಗಬಾರದು. ಬಲೆಯ ತೂಕ ಕಳೆಯಲು ಮರೆಯಬಾರದು. ಒಳಗೆ ಟೊಳ್ಳು ಬಿದ್ದ ಗಡ್ಡೆ ಎರಡೂ ಪರೀಕ್ಷೆಯಲ್ಲಿ ಸುಳ್ಳು ಹೇಳುತ್ತದೆ. ಅನುಮಾನ ಬಂದದ್ದನ್ನು ಕುಯ್ದು ನೋಡಿ.

ಪರೀಕ್ಷೆ ಮುಗಿದ ಉಪ್ಪುನೀರನ್ನು ಹೊಲಕ್ಕೆ ಚೆಲ್ಲಬೇಡಿ. ನಮ್ಮಲ್ಲಿ ಅದು ತೆಂಗಿನ ಬುಡಕ್ಕೆ ಹೋಗುತ್ತದೆ.

ಅಗೆಯುವುದು

ಗಿಡವನ್ನು ನೆಲಮಟ್ಟಕ್ಕೆ ಕತ್ತರಿಸಿ 10-15 ದಿನ ಬಿಡಿ. ಸಿಪ್ಪೆ ಗಟ್ಟಿಯಾಗಿದೆಯೇ ಎಂದು ನೋಡಲು ಹೆಬ್ಬೆರಳಲ್ಲಿ ಒತ್ತಿ ಉಜ್ಜಿ. ಸಿಪ್ಪೆ ಜಾರಿದರೆ ಇನ್ನೂ ನಾಲ್ಕು ದಿನ. ಈ ದಿನಗಳಲ್ಲಿ ದಿಂಡಿನ ಮಣ್ಣು ಬಿರುಕು ಬಿಟ್ಟು ಗಡ್ಡೆ ಹೊರಗೆ ಇಣುಕುತ್ತಿದ್ದರೆ ಮಣ್ಣು ಮುಚ್ಚಿ. ಇಲ್ಲದಿದ್ದರೆ ಬಿಸಿಲಿಗೆ ಹಸಿರಾಗುತ್ತದೆ, ಪತಂಗ ಬಂದು ಕಣ್ಣಿನ ಹತ್ತಿರ ಮೊಟ್ಟೆಯಿಡುತ್ತದೆ.

ಹಿಟ್ಟಿನ ಗಡ್ಡೆಗೆ ಪೆಟ್ಟು ತಡೆಯುವ ಶಕ್ತಿ ಕಡಿಮೆ. ನೀರು ಗಡ್ಡೆ ಎಸೆದರೆ ಸಿಪ್ಪೆ ತರಚುತ್ತದೆ, ಹಿಟ್ಟಿನ ಗಡ್ಡೆ ಎಸೆದರೆ ಸಿಪ್ಪೆ ಹಾಗೇ ಇದ್ದು ಒಳಗೆ ಏಟು ಬೀಳುತ್ತದೆ. ಒಂದೆರಡು ದಿನದಲ್ಲಿ ಅಲ್ಲಿ ಬೂದು-ಕಪ್ಪು ಮಚ್ಚೆ. ಕೊಂಡವನು ಸಿಪ್ಪೆ ತೆಗೆದಾಗ ಅದು ಕಾಣುತ್ತದೆ, ಆಮೇಲೆ ಫೋನು ನಿಮಗೆ ಬರುತ್ತದೆ. ಆಳುಗಳಿಗೆ ಕೂಗಾಡುವ ಬದಲು ಬುಟ್ಟಿಯ ತಳಕ್ಕೆ ಹಳೆಯ ಗೋಣಿ ಹಾಸಿಕೊಡಿ, ಗೇಣುದ್ದಕ್ಕಿಂತ ಎತ್ತರದಿಂದ ಗಡ್ಡೆ ಬೀಳದಂತೆ ನೋಡಿ. ಮಣ್ಣು ಪೂರ್ತಿ ಒಣಗಿ ಹೆಂಟೆಯಾಗಿದ್ದಾಗ ಅಗೆಯುವುದಕ್ಕಿಂತ, ಕೈಗೆ ಅಂಟದಷ್ಟು ಹದ ಇದ್ದಾಗ ಅಗೆದರೆ ಏಟು ಕಡಿಮೆ. ಅಗೆದ ಗಡ್ಡೆಯನ್ನು ನೆರಳಲ್ಲಿ ರಾಶಿ ಹಾಕಿ, ಹುಲ್ಲು ಮುಚ್ಚಿ 10-15 ದಿನ ಗಾಯ ಮಾಯಲು ಬಿಟ್ಟು, ಆಮೇಲೆ ಕೊಳೆತದ್ದು, ಹಸಿರಾದದ್ದು, ಗೋಲಿ ಗಡ್ಡೆ ಬೇರೆ ಮಾಡಿ ಚೀಲ ತುಂಬಿ.

ಇಟ್ಟುಕೊಳ್ಳುವುದು

ಬೆಲೆ ಬರಲಿ ಎಂದು ಶೀತಲಗೃಹಕ್ಕೆ ಹಾಕುವವರು ಅಲ್ಲಿನ ಉಷ್ಣಾಂಶ ಕೇಳಲೇಬೇಕು. ಬಿತ್ತನೆ ಗಡ್ಡೆ ಇಡುವ ಕೋಣೆ 2ರಿಂದ 4 ಡಿಗ್ರಿಯಲ್ಲಿರುತ್ತದೆ. ಆ ಚಳಿಯಲ್ಲಿ ಗಡ್ಡೆ ಮೊಳೆಯುವುದಿಲ್ಲ, ಆದರೆ ಹಿಟ್ಟು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಸಕ್ಕರೆಯಾಗುತ್ತದೆ. ಬೇಯಿಸಿದರೆ ಸಿಹಿ, ಕರಿದರೆ ಕಪ್ಪು. ಚಿಪ್ಸಿಗೆ ಈ ಸಕ್ಕರೆ 100 ಗ್ರಾಂ ಗಡ್ಡೆಯಲ್ಲಿ 100 ಮಿಲಿಗ್ರಾಂ ಮೀರಬಾರದು. ಹಾಗಾಗಿ ಚಿಪ್ಸೋನಾಗೆ 10ರಿಂದ 12 ಡಿಗ್ರಿಯ ಕೋಣೆಯೇ ಬೇಕು, ಮೊಳಕೆ ತಡೆಯಲು ಸಿಐಪಿಸಿ ಎಂಬ ರಾಸಾಯನಿಕದ ಹೊಗೆ ಕೊಡುತ್ತಾರೆ. ಆ ಹೊಗೆ ಬಿದ್ದ ಗಡ್ಡೆಯನ್ನು ಬಿತ್ತನೆಗೆ ಉಳಿಸಬೇಡಿ, ಹುಟ್ಟುವುದಿಲ್ಲ. ಮನೆಯಲ್ಲೂ ಫ್ರಿಜ್ಜಿನಲ್ಲಿ ಇಡುವ ಅಭ್ಯಾಸ ಬಿಡಿ. ಕತ್ತಲೆ, ಗಾಳಿಯಾಡುವ ಮೂಲೆಯಲ್ಲಿ ಗೋಣಿಯ ಮೇಲೆ ಹರಡಿದರೆ ಸಾಕು.

ಗೊತ್ತಿಲ್ಲದೆ ತಣ್ಣನೆಯ ಕೋಣೆಯಲ್ಲಿ ಇಟ್ಟುಬಿಟ್ಟಿದ್ದರೆ ಎಲ್ಲವೂ ಮುಳುಗಿಹೋಗಿಲ್ಲ. ಹೊರಗೆ ತೆಗೆದು, 20 ಡಿಗ್ರಿ ಸುಮಾರಿನ ನೆರಳಲ್ಲಿ ಎರಡು ಮೂರು ವಾರ ಹರಡಿದರೆ ಸಕ್ಕರೆಯ ಒಂದಷ್ಟು ಭಾಗ ಇಳಿಯುತ್ತದೆ. ಹೊರಗೆ ತೆಗೆದ ದಿನವೇ ಐದು ಗಡ್ಡೆಯಿಂದ ಒಂದೊಂದು ತೆಳು ಬಿಲ್ಲೆ ಕುಯ್ದು ಕಾದ ಎಣ್ಣೆಗೆ ಬಿಟ್ಟು ಬಣ್ಣ ನೋಡಿಟ್ಟುಕೊಳ್ಳಿ. ಮೂರು ವಾರದ ಮೇಲೆ ಅದೇ ರಾಶಿಯಿಂದ ಮತ್ತೆ ಐದು ಬಿಲ್ಲೆ ಕರಿಯಿರಿ. ಹೊಂಬಣ್ಣ ಬಂದಿದ್ದರೆ ಚಿಪ್ಸಿನವನಿಗೆ ಫೋನ್ ಮಾಡಿ. ಇನ್ನೂ ಕಂದಾಗುತ್ತಿದ್ದರೆ ಭಟ್ಟರಿಗೆ ಮಾಡಿ, ದೋಸೆ ಪಲ್ಯಕ್ಕೆ ಬಣ್ಣದ ಹಂಗಿಲ್ಲ.